ಹದಿನಾಲ್ಕರಲ್ಲಿ ಉಳಿದದ್ದು ಒಂಬತ್ತು

ನಮ್ಮ ಬ್ಯಾಂಡಿನ ಎರಡನೇ ಆಲ್ಬಮ್ ಶುರುವಾಗಿದ್ದು ಒಂದು ಜಗಳದಿಂದ. ಪ್ರಾಕ್ಟೀಸ್ ಮುಗಿಸಿ ವೈರ್ ಸುತ್ತಿಡುತ್ತಿದ್ದಾಗ ಡ್ರಮ್ಮರ್ ಮೊಬೈಲ್ ತೆಗೆದು, 'ಒಂದ್ನಿಮಿಷ ಕೂತ್ಕೊಳ್ಳಿ, ಇದನ್ನ ಕೇಳಿ' ಅಂದ. ಒಂದು ತಿಂಗಳಿನಿಂದ ಯಾರಿಗೂ ಹೇಳದೆ ನಾವು ನುಡಿಸಿದ್ದನ್ನೆಲ್ಲ ರೆಕಾರ್ಡ್ ಮಾಡಿಕೊಂಡಿದ್ದ. ತಾಳ ಎಣಿಸುವ ಮೆಟ್ರೊನೋಮ್ ಇಟ್ಟುಕೊಂಡು ಲೆಕ್ಕವನ್ನೂ ಹಾಕಿದ್ದ. ನಮಗೆಲ್ಲ ಅಚ್ಚುಮೆಚ್ಚಾಗಿದ್ದ ಹಾಡು ನಿಮಿಷಕ್ಕೆ 126 ಬೀಟಿನಲ್ಲಿ ಹೊರಟು 139ಕ್ಕೆ ಬಂದು ಮುಗಿಯುತ್ತಿತ್ತು.

'ತಾಳ ಹಿಡಿಯೋನು ನೀನು, ಓಡಿದ್ದೂ ನೀನೇ' ಅಂದೆ. ಅವನು ವಾದಕ್ಕೆ ಇಳಿಯಲಿಲ್ಲ. ಎರಡನೇ ಪಲ್ಲವಿಗೆ ಮುಂಚಿನ ನಾಲ್ಕು ಬಾರ್, ಅಂದರೆ ತಾಳದ ನಾಲ್ಕು ಆವರ್ತ, ಮಾತ್ರ ಮತ್ತೆ ಹಾಕಿದ. ಅಲ್ಲಿ ಡ್ರಮ್ಸ್ ಇಲ್ಲ, ಬರೀ ನನ್ನ ಗಿಟಾರ್. ಓಡಿದ್ದು ನಾನು.

ಮೊದಲ ಆಲ್ಬಮ್ಮಿನಲ್ಲಿ ನಾವು ಮಾಡಿದ ದೊಡ್ಡ ತಪ್ಪೆಂದರೆ ಹಾಡುಗಳನ್ನು ಅರ್ಧಂಬರ್ಧ ಕಟ್ಟಿಕೊಂಡು ಸ್ಟುಡಿಯೊಗೆ ಹೋಗಿದ್ದು. ಗಂಟೆಗಿಷ್ಟು ಅಂತ ಬಾಡಿಗೆ ಕೊಡುವ ಜಾಗದಲ್ಲಿ ನಿಂತು 'ಇಲ್ಲಿ ಎರಡು ಬಾರ್ ಇರಲೋ ನಾಲ್ಕೋ' ಎಂದು ಚರ್ಚೆ ಮಾಡಿದ್ದೆವು. ಈ ಸಲ ಆ ಚರ್ಚೆಗಳನ್ನೆಲ್ಲ ಪ್ರಾಕ್ಟೀಸ್ ರೂಮಿನಲ್ಲೇ ಮುಗಿಸಬೇಕು ಅಂತ ಎರಡು ತಿಂಗಳು ಡೆಮೊ ಮಾಡಿದೆವು. ಕೈಯಲ್ಲಿ ಹದಿನಾಲ್ಕು ಹಾಡಿದ್ದವು. ಪ್ರತಿಯೊಂದನ್ನೂ ಲ್ಯಾಪ್‌ಟಾಪಿನಲ್ಲಿ ಒರಟಾಗಿ ಹಿಡಿದು, ಒಂದು ವಾರ ಮುಟ್ಟದೆ ಬಿಟ್ಟು, ಆಮೇಲೆ ನಾಲ್ಕೂ ಜನ ಬೇರೆ ಬೇರೆ ಕೂತು ಕೇಳಿ ಅಂಕ ಹಾಕುವುದು. ಮೂರು ಹಾಡು ಯಾರ ತಕರಾರೂ ಇಲ್ಲದೆ ಬಿದ್ದವು. ಎರಡು ಮಾತ್ರ ತುಂಬ ಹಟ ಮಾಡಿ ಬಿದ್ದವು. ಅದರಲ್ಲೊಂದು ನನ್ನದು. ಅದರ ರಿಫ್, ಮತ್ತೆ ಮತ್ತೆ ಬರುವ ಗಿಟಾರಿನ ತುಣುಕು, ಈಗಲೂ ಕೈಗೆ ಬರುತ್ತಿರುತ್ತದೆ. ಆದರೆ ರಿಫ್ ಇದ್ದ ಮಾತ್ರಕ್ಕೆ ಹಾಡಾಗುವುದಿಲ್ಲವಲ್ಲ. ಅದಕ್ಕೆ ಪಲ್ಲವಿಯೇ ಸಿಕ್ಕಿರಲಿಲ್ಲ, ಇನ್ನೂ ಸಿಕ್ಕಿಲ್ಲ.

ಕ್ಲಿಕ್, ಅಂದರೆ ಕಿವಿಯಲ್ಲಿ ಮೆಟ್ರೊನೋಮಿನ ಟಿಕ್ ಟಿಕ್, ಇಟ್ಟುಕೊಂಡು ನುಡಿಸಬೇಕೋ ಬೇಡವೋ ಎಂಬುದು ಎರಡನೇ ಜಗಳ. ಹಾಡುವವಳಿಗೆ ಕ್ಲಿಕ್ ಅಂದರೆ ಆಗದು. 'ಉಸಿರು ಕಟ್ಟಿದ ಹಾಗಾಗತ್ತೆ' ಅಂತಾಳೆ. ಬಾಸ್ ನುಡಿಸುವವನು ಅವಳ ಪರ. 'ಬೀಟಲ್ಸ್ ಮೊದಲನೇ ಆಲ್ಬಮ್ಮಿಗೆ ಹತ್ತು ಹಾಡನ್ನ ಒಂದೇ ದಿನದಲ್ಲಿ ಮುಗಿಸಿದ್ರು, 1963ರ ಫೆಬ್ರವರಿ 11ನೇ ತಾರೀಖು. ಕ್ಲಿಕ್ ಇತ್ತಾ ಅವ್ರಿಗೆ?' ಎಂದು ತಾರೀಖಿನ ಸಮೇತ ಕೇಳಿದ. ಡ್ರಮ್ಮರ್ ಸ್ಟಿಕ್ ಕೆಳಗಿಟ್ಟು, 'ಅವ್ರು ಅದಕ್ಕೆ ಮುಂಚೆ ಹ್ಯಾಂಬರ್ಗಿನ ಕ್ಲಬ್ಬುಗಳಲ್ಲಿ ರಾತ್ರಿಯಿಡೀ ನುಡಿಸಿ ಬಂದಿದ್ರು ಕಣೋ. ನೀನು ವಾರಕ್ಕೆ ಎರಡು ಸಲ ಬರ್ತೀಯ, ಅದೂ ತಡವಾಗಿ' ಅಂದ. ಅಲ್ಲಿಗೆ ಇತಿಹಾಸದ ಪಾಠ ಮುಗಿಯಿತು.

ಕೊನೆಗೆ ಮಧ್ಯದ ದಾರಿಯೊಂದು ಸಿಕ್ಕಿತು. ಕ್ಲಿಕ್ ಅಂದರೆ ಇಡೀ ಹಾಡಿಗೆ ಒಂದೇ ಗತಿ ಎಂದೇನಿಲ್ಲ. ಚರಣಕ್ಕೆ 128, ಪಲ್ಲವಿಗೆ 130, ಕೊನೆಯ ಸುತ್ತಿಗೆ 131 ಹೀಗೆ ಗತಿಯ ನಕ್ಷೆಯನ್ನೇ ಮೊದಲು ಬರೆದಿಡಬಹುದು. ಮನುಷ್ಯರು ಉತ್ಸಾಹದಲ್ಲಿ ಎಷ್ಟು ಓಡುತ್ತಾರೋ ಅಷ್ಟನ್ನು ಮೊದಲೇ ಮಂಜೂರು ಮಾಡಿಟ್ಟ ಹಾಗೆ. ಎಂಟು ಹಾಡಿಗೆ ಹೀಗೆ ಮಾಡಿದೆವು. ಐದನೇದು ನಿಧಾನದ ಹಾಡು, ಅದೊಂದನ್ನು ಕ್ಲಿಕ್ ಇಲ್ಲದೆ ಬಿಟ್ಟೆವು.

ಸ್ಟುಡಿಯೊದಲ್ಲಿ ಡ್ರಮ್ಸಿಗೆ ಮೂರು ದಿನ ಎಂದು ಮಾತಾಗಿತ್ತು. ಮೊದಲ ದಿನ ಒಂದೇ ಒಂದು ಟೇಕ್ ಆಗಲಿಲ್ಲ. ಹೊಸ ಹೆಡ್, ಅಂದರೆ ಚರ್ಮ, ಬಿಗಿದು, ಟಾಮ್ ಎಂಬ ಒಂದೊಂದು ಡ್ರಮ್ಮನ್ನೂ ಶ್ರುತಿ ಮಾಡಿ, ಮೈಕ್ ಇಡುವುದರಲ್ಲೇ ಸಂಜೆಯಾಯಿತು. ಕಾಲಲ್ಲಿ ಬಡಿಯುವ ಕಿಕ್ಕಿನ ಒಳಗೊಂದು, ಹೊರಗೊಂದು. ಚಿಕ್ಕ ಡ್ರಮ್ ಸ್ನೇರಿನ ಮೇಲೊಂದು, ಕೆಳಗೊಂದು. ಜೋಡಿ ತಟ್ಟೆಯ ಹೈ-ಹ್ಯಾಟಿಗೆ ಒಂದು, ಮೂರು ಟಾಮಿಗೆ ಮೂರು, ತಲೆಯ ಮೇಲೆ ಎರಡು, ದೂರದಲ್ಲಿ ಕೋಣೆಯ ಸದ್ದಿಗೆಂದು ಎರಡು. ಒಟ್ಟು 12. ನಮ್ಮ ರೆಕಾರ್ಡಿಂಗ್ ಎಂಜಿನಿಯರ್ ಕಡಿಮೆ ಮಾತಿನ ಹೆಂಗಸು. ಒಂದು ಕೇಬಲ್ಲನ್ನು ದಾರದಂತೆ ಹಿಡಿದು ಸ್ನೇರಿನ ನಡುವಿನಿಂದ ತಲೆಯ ಮೇಲಿನ ಎರಡೂ ಮೈಕಿಗೆ ಇರುವ ದೂರವನ್ನು ಅಳೆಯುತ್ತಿದ್ದರು. ಯಾಕೆಂದು ಕೇಳಿದೆ. ಸದ್ದು ಒಂದು ಮಿಲಿಸೆಕೆಂಡಿಗೆ ಹೋಗುವುದು ಸುಮಾರು 34 ಸೆಂಟಿಮೀಟರ್. ಒಂದು ಮೈಕ್ ಹತ್ತಿರ, ಇನ್ನೊಂದು ದೂರ ಇದ್ದರೆ ಒಂದೇ ಏಟು ಎರಡು ಸಲ ಬಂದು ಮುಟ್ಟುತ್ತದೆ, ಎರಡೂ ಕೂಡಿದಾಗ ಕೆಲವು ಸ್ವರಗಳು ಒಂದನ್ನೊಂದು ತಿಂದುಹಾಕುತ್ತವೆ.

ಅದನ್ನು ಕಿವಿಗೇ ತೋರಿಸಿಬಿಟ್ಟರು. ಸ್ನೇರಿನ ಮೇಲಿನ ಮೈಕ್ ಒಂದನ್ನೇ ಕೇಳಿಸಿದರು, ಗಟ್ಟಿಯಾಗಿತ್ತು. ಕೆಳಗಿನದನ್ನೂ ಸೇರಿಸಿದರು. ಇನ್ನೊಂದು ಮೈಕ್ ಬಂದರೆ ಸದ್ದು ದಪ್ಪವಾಗಬೇಕಲ್ಲ, ಅದು ತಗಡಿನ ಡಬ್ಬಿ ತಟ್ಟಿದ ಹಾಗಾಯಿತು. ಕೋಲು ಬಿದ್ದಾಗ ಮೇಲಿನ ಚರ್ಮ ತನ್ನ ಮೈಕಿನಿಂದ ದೂರ ಸರಿಯುತ್ತದೆ. ಕೆಳಗಿನ ಚರ್ಮ ಅದೇ ಹೊತ್ತಿಗೆ ತನ್ನ ಮೈಕಿನ ಕಡೆಗೇ ಬರುತ್ತದೆ. ಒಂದರ ಎಳೆತಕ್ಕೆ ಇನ್ನೊಂದರ ತಳ್ಳು ಎದುರಾಗಿ ದಪ್ಪವೆಲ್ಲ ಮಾಯ. ಕೆಳಗಿನ ಮೈಕಿನ ಪೋಲಾರಿಟಿ ತಿರುಗಿಸುವ, ಅಂದರೆ ತಳ್ಳನ್ನು ಎಳೆತ ಮಾಡುವ, ಗುಂಡಿಯೊಂದನ್ನು ಒತ್ತಿದರು, ಸ್ನೇರ್ ಮತ್ತೆ ಎದೆಗೆ ಬಡಿಯಿತು. ಹತ್ತು ವರ್ಷದಿಂದ ಗಿಟಾರ್ ಹಿಡಿದಿದ್ದೇನೆ, ನಮ್ಮ ಮೊದಲ ಆಲ್ಬಮ್ಮಿನ ಸ್ನೇರ್ ಯಾಕೆ ಹಾಗೆ ಕೀರಲಾಗಿದೆ ಅಂತ ಆವತ್ತು ಗೊತ್ತಾಯಿತು.

ಡ್ರಮ್ಸ್ ಟೇಕ್ ಆಗುವಾಗ ನಾವು ಮೂವರೂ ಪಕ್ಕದ ಕೋಣೆಯಲ್ಲಿ ಜೊತೆಗೆ ನುಡಿಸುತ್ತಿದ್ದೆವು. ನಮ್ಮದು ಬರೀ ದಾರಿ ತೋರಿಸಲಿಕ್ಕೆ, ಆಮೇಲೆ ಅಳಿಸಿಹಾಕುವಂಥದ್ದು. ಹಾಗಂತ ಮೈಮರೆತು ನುಡಿಸಿದರೆ ಡ್ರಮ್ಮರ್‌ಗೆ ಕೂಡಲೇ ಗೊತ್ತಾಗುತ್ತಿತ್ತು. ಗಾಜಿನಾಚೆಯಿಂದ ಕೋಲು ತೋರಿಸಿ ಗದರುತ್ತಿದ್ದ. ಮೂರನೇ ದಿನ ಐದನೇ ಹಾಡಿನ ನಾಲ್ಕನೇ ಟೇಕ್ ಅದ್ಭುತವಾಗಿ ಬಂತು. ಕೊನೆಯ ಸಿಂಬಲ್ ಸದ್ದು ಪೂರ್ತಿ ಆರುವವರೆಗೂ ಯಾರೂ ಉಸಿರಾಡಲಿಲ್ಲ. ಹಿಂತಿರುಗಿ ಕೇಳಿದರೆ ನಡುವಿನ ನಿಶ್ಶಬ್ದದಲ್ಲಿ 'ಕಿರ್' ಅಂತ ಒಂದು ಸದ್ದು. ಅವನ ಸ್ಟೂಲು. ಎಣ್ಣೆ ಹಾಕಿ ಇನ್ನೂ ಆರು ಟೇಕ್ ತೆಗೆದೆವು. ಸ್ಟೂಲು ಬಾಯಿ ಮುಚ್ಚಿತು, ಹಾಡಿನ ಜೀವವೂ ಹೋಯಿತು. ನಾಲ್ಕನೇ ಟೇಕೇ ಇರಲಿ ಅಂದೆವು, ಕಿರುಗುಟ್ಟುವಿಕೆಯ ಸಮೇತ.

ಬಾಸ್ ಒಂದೂವರೆ ದಿನದಲ್ಲಿ ಮುಗಿಯಿತು. ನೇರ ಲೈನಿನಿಂದ ಒಂದು, ಆ್ಯಂಪಿನಿಂದ ಒಂದು, ಎರಡನ್ನೂ ಒಟ್ಟಿಗೆ ಹಿಡಿದರು. ಅವನ ಬಗ್ಗೆ ಹೇಳಲಿಕ್ಕೆ ಅಷ್ಟೇ ಇರುವುದು, ಅದೇ ಅವನ ದೊಡ್ಡತನ.

ಇನ್ನು ನನ್ನ ಸರದಿ.

ದೊಡ್ಡ ಸದ್ದು ಬೇಕೆಂದರೆ ಡಿಸ್ಟಾರ್ಶನ್, ಅಂದರೆ ಸದ್ದಿನ ಒರಟು ಗುರುಗುಟ್ಟುವಿಕೆ, ಹೆಚ್ಚಿಸಬೇಕು, ಗಿಟಾರಿನ ಮೇಲೆ ಗಿಟಾರ್ ಪೇರಿಸಬೇಕು ಎಂಬುದು ನನ್ನ ಸಿದ್ಧಾಂತವಾಗಿತ್ತು. ಪಲ್ಲವಿಗಳಿಗೆ ಎಂಟು ಪದರ ಹಾಕುತ್ತೇನೆಂದು ಕಾಗದದಲ್ಲಿ ಪಟ್ಟಿ ಬರೆದುಕೊಂಡು ಹೋಗಿದ್ದೆ. ಎಂಜಿನಿಯರ್ ಪಟ್ಟಿ ನೋಡಿ, 'ಆಯ್ತು, ನುಡಿಸಿ' ಅಂದರು. ಆಮೇಲೆ ನನ್ನ ಆ್ಯಂಪಿನ ಹತ್ತಿರ ಬಂದು ಡಿಸ್ಟಾರ್ಶನ್ ಹೆಚ್ಚುಕಡಿಮೆ ಮಾಡುವ ಗೇನ್ ಗುಂಡಿಯನ್ನು ಏಳರಿಂದ ನಾಲ್ಕಕ್ಕೆ ಇಳಿಸಿದರು. 'ಇದು ತೀರಾ ಸಪ್ಪೆ ಆಯ್ತು ಮೇಡಂ' ಅಂದೆ. 'ಕೋಣೆಯಲ್ಲಿ ಸಪ್ಪೆ. ಸ್ಪೀಕರಿನಲ್ಲಿ ಕೇಳಿ ಹೇಳಿ' ಅಂದರು. ಗೇನ್ ಹೆಚ್ಚಾದಷ್ಟೂ ತಂತಿಗೆ ಬಿದ್ದ ಪ್ರತಿ ಏಟಿನ ಮೊನೆ ಸವೆದು ಎಲ್ಲವೂ ಒಂದೇ ಮಟ್ಟದ ಗುಂಯ್‌ಗುಡುವಿಕೆ ಆಗಿಬಿಡುತ್ತದೆ. ಅಂಥ ಪದರಗಳನ್ನು ಪೇರಿಸಿದರೆ ಸಿಗುವುದು ಗೋಡೆಯಲ್ಲ, ಮಂಜು.

ಆ್ಯಂಪಿನ ಸ್ಪೀಕರ್ ಇರುವ ಕ್ಯಾಬಿನೆಟ್ಟಿನ ಮುಂದೆ ಇಟ್ಟಿದ್ದು ಶೂರ್ ಎಸ್‌ಎಂ57. 1965ರಿಂದ ಇರುವ ಮೈಕ್, ರಾಕ್ ಗಿಟಾರ್ ರೆಕಾರ್ಡ್ ಮಾಡುವ ಕಡೆಯೆಲ್ಲ ಸಿಗುವಂಥದ್ದು. ಅದನ್ನು ಸ್ಪೀಕರಿನ ಕೋನಿನ ನಟ್ಟನಡುವಿನಿಂದ ಒಂದಿಂಚು ಪಕ್ಕಕ್ಕೆ ಸರಿಸಿದರೆ ಸಾಕು, ಕಿವಿ ಇರಿಯುವ ಸದ್ದು ದುಂಡಗಾಗುತ್ತಿತ್ತು. ಸದ್ದು ಬದಲಿಸುವ ಪೆಡಲಿಗೆಂದು ನಾನು ಸುರಿದ ದುಡ್ಡನ್ನೆಲ್ಲ ಆ ಒಂದಿಂಚು ಅಣಕಿಸಿದಂತಾಯಿತು. ಎಡಕ್ಕೊಂದು ಬಲಕ್ಕೊಂದು ಗಿಟಾರ್ ಬೇಕಿದ್ದರೆ ಒಂದನ್ನು ನಕಲು ಮಾಡಿ ಇಟ್ಟರೆ ಆಗುವುದಿಲ್ಲ, ಅದು ನಡುವೆ ಜೋರಾಗಿ ಕೇಳುತ್ತದೆ ಅಷ್ಟೆ. ನಿಜವಾಗಿ ಎರಡು ಸಲ ನುಡಿಸಬೇಕು. ಎರಡು ಕೈಚಳಕದ ನಡುವಿನ ಸಣ್ಣ ಸಣ್ಣ ವ್ಯತ್ಯಾಸವೇ ಅಗಲ ಕೊಡುವುದು. ಹಾಗೆಂದು ವ್ಯತ್ಯಾಸ ಜಾಸ್ತಿಯಾದರೂ ಕೆಟ್ಟಿತು. ಇಡೀ ಎರಡು ದಿನ ನನ್ನ ಜೊತೆ ನಾನೇ ಸ್ಪರ್ಧೆಗೆ ಬಿದ್ದಿದ್ದೆ. ಮೂರನೇ ತಂತಿಯಂತೂ ಒಂದು ಬೆರಳು ಜೋರಾಗಿ ಒತ್ತಿದರೂ ಶ್ರುತಿ ಮೇಲಕ್ಕೆ ಹೋಗುತ್ತಿತ್ತು. ವೇದಿಕೆಯ ಮೇಲೆ ಇದ್ಯಾವುದೂ ಗೊತ್ತಾಗುವುದಿಲ್ಲ, ಅಲ್ಲಿ ಗದ್ದಲ ನಮ್ಮ ಮಾನ ಕಾಯುತ್ತದೆ.

ಏಳನೇ ಹಾಡಿನ ಗಿಟಾರ್ ಸೋಲೋ ಹನ್ನೊಂದು ಸಲ ನುಡಿಸಿದೆ. ಮೂರನೇ ಟೇಕಿನ ಮೊದಲರ್ಧ, ಏಳನೇದರ ಏರುಗತಿ, ಹನ್ನೊಂದನೇದರ ಕೊನೆಯ ಎಳೆತ, ಇವನ್ನು ಹೊಲಿದು ಒಂದು ಮಾಡಿದರು. ಹೊಲಿಗೆ ಎಲ್ಲಿದೆ ಅಂತ ನನಗೂ ಕೇಳಿಸಲಿಲ್ಲ.

ಹಾಡುವವಳ ಕೆಲಸ ದಿನಕ್ಕೆ ಮೂರು ಗಂಟೆ ಮಾತ್ರ. ಗಂಟಲು ಅದಕ್ಕಿಂತ ಹೆಚ್ಚು ಕೊಡುವುದಿಲ್ಲ, ಕೊಟ್ಟರೂ ಮರುದಿನ ಬಡ್ಡಿ ಸಮೇತ ವಸೂಲಿ ಮಾಡುತ್ತದೆ. ಅವಳ ಹೆಡ್‌ಫೋನಿನಲ್ಲಿ ಯಾವುದು ಎಷ್ಟು ಕೇಳಬೇಕು ಎಂದು ಹದ ಹಿಡಿಯುವುದರಲ್ಲೇ ಅರ್ಧ ದಿನ ಹೋಯಿತು. ತನ್ನ ದನಿ ತನಗೆ ಜೋರಾಗಿ ಕೇಳಿದರೆ ಅವಳು ತಡೆದು ಹಾಡುತ್ತಾಳೆ, ಕಡಿಮೆ ಕೇಳಿದರೆ ಕಿರುಚುತ್ತಾಳೆ. ಕೊನೆಗೆ ಒಂದು ಕಿವಿಯಿಂದ ಹೆಡ್‌ಫೋನ್ ಸರಿಸಿದಾಗ ಶ್ರುತಿ ತಾನಾಗಿ ಕೂತಿತು.

ಸಾಹಿತ್ಯ ಬರೆದವನು ನಾನು, ಇಲ್ಲೂ ನನಗೊಂದು ಪಾಠ ಕಾದಿತ್ತು. ಎರಡನೇ ಹಾಡಿನ ಅತಿ ಎತ್ತರದ ಸ್ವರ 'ಇರುಳು' ಎಂಬ ಪದದ ಕೊನೆಯ ಉಕಾರದ ಮೇಲೆ ಬೀಳುತ್ತಿತ್ತು. ಕಾಗದದ ಮೇಲೆ ಚೆಂದದ ಸಾಲು. ಅವಳು ನಾಲ್ಕು ಸಲ ಹಾಡಿ, 'ತುಟಿ ಮುಚ್ಕೊಂಡು ಕೂಗು ಅಂತೀಯಲ್ಲೋ, ಹೇಗೆ ಕೂಗ್ಲಿ?' ಅಂದಳು. ಕನ್ನಡದ ಎಷ್ಟೋ ಮಾತುಗಳು ಉಕಾರಕ್ಕೋ ಎಕಾರಕ್ಕೋ ಬಂದು ನಿಲ್ಲುತ್ತವೆ, ಎತ್ತರದಲ್ಲಿ ಬಾಯ್ತುಂಬ ಎಳೆಯಲು ಬೇಕಾದ ಆಕಾರವನ್ನು ಹುಡುಕಿಕೊಂಡೇ ಹೋಗಬೇಕು. ಅಲ್ಲೇ ನೆಲದ ಮೇಲೆ ಕೂತು ಸಾಲು ತಿರುಗಿಸಿ 'ಇರುಳಾ' ಎಂದು ಸಂಬೋಧನೆ ಮಾಡಿಬಿಟ್ಟೆ. ವ್ಯಾಕರಣದವರು ಬಯ್ಯಬಹುದು. ಹಾಡು ಮಾತ್ರ ಬಾಗಿಲು ತೆರೆದ ಹಾಗೆ ತೆರೆಯಿತು. ಮೈಕಿನ ಮುಂದೆ ಬಲೆಯ ಪರದೆ ಇಟ್ಟಿದ್ದರೂ 'ಭ', 'ಫ'ಗಳು ಗಾಳಿ ಊದಿ ಧಬ್ ಅನ್ನುತ್ತಿದ್ದವು. ಇನ್ನು ಮುಂದೆ ಬರೆಯುವಾಗ ಮಹಾಪ್ರಾಣಗಳಲ್ಲಿ ಸ್ವಲ್ಪ ಜಿಪುಣತನ ಮಾಡುತ್ತೇನೆ.

ಬೇರೆ ಬೇರೆ ರೆಕಾರ್ಡ್ ಮಾಡಿದ್ದನ್ನೆಲ್ಲ ಹದವಾಗಿ ಬೆರೆಸುವ ಮಿಕ್ಸಿಂಗಿಗೆ ಮೂರು ವಾರ ಹಿಡಿಯಿತು. ಮೊದಲ ವಾರ ನಾವು ನಾಲ್ಕೂ ಜನ ಬೇರೆ ಬೇರೆಯಾಗಿ ಮೆಸೇಜ್ ಕಳಿಸಿದೆವು. ನಾಲ್ವರ ಮೆಸೇಜಿನ ಸಾರಾಂಶವೂ ಒಂದೇ: 'ನನ್ನದು ಸ್ವಲ್ಪ ಜೋರು ಮಾಡಿ.' ಎಂಜಿನಿಯರ್ ಎಲ್ಲ ಓದಿ, ಇನ್ನು ಮೇಲೆ ಒಬ್ಬರೇ ಬರೆಯಿರಿ, ಒಂದೇ ಹಾಳೆಯಲ್ಲಿ, ಇಷ್ಟನೇ ನಿಮಿಷ ಇಷ್ಟನೇ ಸೆಕೆಂಡ್ ಎಂದು ಹಾಕಿ ಬರೆಯಿರಿ ಅಂತ ಉತ್ತರ ಕೊಟ್ಟರು. ಆಮೇಲೆ ಕೆಲಸ ಸರಾಗವಾಯಿತು. ಅವರು ಹೆಚ್ಚಿನ ಹೊತ್ತು ತೀರಾ ಸಣ್ಣ ವಾಲ್ಯೂಮಿನಲ್ಲೇ ಕೇಳುತ್ತಿದ್ದರು, ನಾವು ಹಿಂದೆ ಕೂತು ಮಾತಾಡಿದರೆ ಹಾಡೇ ಮುಚ್ಚಿಹೋಗುವಷ್ಟು. ವಾಲ್ಯೂಮ್ ಕಡಿಮೆಯಾದಾಗ ನಮ್ಮ ಕಿವಿಗೆ ತಗ್ಗಿನ ಸ್ವರಗಳು ಹೆಚ್ಚು ಮಂಕಾಗುತ್ತವೆ ಎಂದು ಫ್ಲೆಚರ್ ಮತ್ತು ಮನ್ಸನ್ ಎಂಬ ಇಬ್ಬರು ವಿಜ್ಞಾನಿಗಳು 1933ರಲ್ಲೇ ಅಳೆದು ತೋರಿಸಿದ್ದರು. ಜೋರಾಗಿ ಇಟ್ಟರೆ ಎಂಥ ಮಿಕ್ಸೂ ಭರ್ಜರಿ ಅನಿಸುತ್ತದೆ. ಮೆಲ್ಲಗೆ ಇಟ್ಟಾಗಲೂ ಕಿಕ್ಕು, ಬಾಸು, ದನಿ ಬೇರೆ ಬೇರೆಯಾಗಿ ನಿಂತರೆ ಅದು ನಿಂತ ಹಾಗೆ.

ಎರಡನೇ ವಾರ ನನ್ನೊಬ್ಬನನ್ನೇ ಕರೆದರು. ಮೂರನೇ ಹಾಡಿನ ಪಲ್ಲವಿಯನ್ನು ಎರಡು ಥರ ಹಾಕುತ್ತೇನೆ, ಕಣ್ಣು ಮುಚ್ಚಿ ಕೇಳಿ, ಯಾವುದು ದೊಡ್ಡದಾಗಿದೆ ಹೇಳಿ ಅಂದರು. ಮೊದಲನೇದು ಚೆನ್ನಾಗಿತ್ತು. ಎರಡನೇದು ಬಂದಾಗ ಡ್ರಮ್ಸ್ ಮುಂದೆ ಬಂದಿತ್ತು, ದನಿಯ ಸುತ್ತ ಜಾಗ ಇತ್ತು, ಗಿಟಾರು ಎರಡೂ ಕಡೆಯಿಂದ ಒತ್ತಿಕೊಂಡು ಬಂತು. 'ಎರಡನೇದು, ಅನುಮಾನವೇ ಇಲ್ಲ' ಅಂದೆ. ಕಣ್ಣು ಬಿಟ್ಟರೆ ಪರದೆಯ ಮೇಲೆ ನನ್ನ ಎಂಟು ಪದರಗಳಲ್ಲಿ ಆರು ಮ್ಯೂಟ್ ಆಗಿದ್ದವು.

ಅವರು ಗೆದ್ದವರ ಮುಖ ಮಾಡಲಿಲ್ಲ, ಅದಕ್ಕೆ ನಾನು ಋಣಿ. 'ಬೇಕಿದ್ರೆ ವಾಪಸ್ ಹಾಕೋಣ' ಅಂದರು. ಬೇಡ ಅಂದೆ. ಮನೆಗೆ ಹೋಗುವ ದಾರಿಯುದ್ದಕ್ಕೂ ಆ ಆರು ಪದರ ನುಡಿಸಲು ಹಿಡಿದ ಗಂಟೆಗಳನ್ನು ಎಣಿಸುತ್ತಿದ್ದೆ. ಬಾಸಿನವನಿಗೆ ಹೇಳಿದರೆ ಅವನು ನಕ್ಕು, 'ಗಿಟಾರಿನ ತಳದ ಸ್ವರಗಳನ್ನೂ ಕತ್ತರಿಸಿದ್ದಾರೆ, ನೋಡಿದ್ಯಾ? ಈಗ ನಾನು ಕೇಳಿಸ್ತೀನಿ ಮಾರಾಯ' ಅಂದ.

ಹಾಡುಗಳಿಗೆ ಕೊನೆಯ ಹದ ಕೊಡುವ ಮಾಸ್ಟರಿಂಗ್ ಬೇರೆಯವರಿಂದ ಮಾಡಿಸಿದೆವು. ಅಲ್ಲಿವರೆಗೆ ಹಾಡುಗಳನ್ನು ಒಂದು ಸಲವೂ ಕೇಳಿರದ ಕಿವಿ ಬೇಕು ಎಂಬುದೇ ಕಾರಣ. 'ಬೇರೆ ಬ್ಯಾಂಡುಗಳಷ್ಟು ಜೋರಾಗಿರಲಿ' ಎಂದು ಬರೆಯಲು ಹೊರಟಿದ್ದ ಡ್ರಮ್ಮರನ್ನು ತಡೆಯಬೇಕಾಯಿತು. ಸ್ಪಾಟಿಫೈ ಮಾಮೂಲಿ ಸೆಟ್ಟಿಂಗಿನಲ್ಲಿ ಎಲ್ಲ ಹಾಡುಗಳನ್ನೂ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್ ಮಟ್ಟಕ್ಕೆ, ಅಂದರೆ ಕಿವಿಗೆ ಬೀಳುವ ಜೋರಿನ ಒಂದೇ ಅಳತೆಗೆ, ತಂದು ಕೇಳಿಸುತ್ತದೆ. ಅದಕ್ಕಿಂತ ಜೋರಾಗಿ ಹಿಂಡಿ ಕೊಟ್ಟರೆ ಅವರು ವಾಲ್ಯೂಮ್ ಇಳಿಸುತ್ತಾರೆ, ಹಿಂಡಿದ ಗಾಯ ಮಾತ್ರ ಹಾಗೇ ಉಳಿಯುತ್ತದೆ.

ಹಾಡುಗಳ ಕ್ರಮವನ್ನು ನಮಗೆ ನಿರ್ಧರಿಸಿಕೊಟ್ಟದ್ದು ಗ್ರಾಮಫೋನ್ ತಟ್ಟೆ, ಅಂದರೆ ಎಲ್‌ಪಿ. ಸ್ವಲ್ಪ ಪ್ರತಿಗಳನ್ನು ವಿನೈಲಿನಲ್ಲಿ ಒತ್ತಿಸುವ ಆಸೆ ಇತ್ತು. 12 ಇಂಚಿನ ತಟ್ಟೆ ನಿಮಿಷಕ್ಕೆ 33⅓ ಸುತ್ತು ತಿರುಗುವಾಗ ಒಂದು ಬದಿಗೆ 20 ನಿಮಿಷದ ಆಸುಪಾಸು ಇಟ್ಟರೆ ಸದ್ದು ಗಟ್ಟಿ. ಸೂಜಿ ನಡುವಿಗೆ ಬಂದಂತೆ ಅದರ ಕೆಳಗೆ ಹಾಯುವ ಗೀರಿನ ವೇಗ ಕಡಿಮೆಯಾಗುತ್ತದೆ, ಅಲ್ಲಿ ಸಿಂಬಲ್ಲುಗಳು, 'ಸ'ಕಾರಗಳು ಹರಿದಂತೆ ಕೇಳುತ್ತವೆ. ಹಾಗಾಗಿ ಅಬ್ಬರದವು ಹೊರಗೆ, ಮೆಲ್ಲನೆಯವು ಒಳಗೆ. ಐದನೇ ಹಾಡು ಮೊದಲ ಬದಿಯ ಕೊನೆಗೆ ಹೋಗಿ ಕೂತಿತು, ಅದರ ಸ್ಟೂಲಿನ ಸಮೇತ. ತಿಂಗಳುಗಟ್ಟಲೆ ವಾದ ಮಾಡಿ ಬಗೆಹರಿಯದ ವಿಷಯವನ್ನು ಒಂದು ಪ್ಲಾಸ್ಟಿಕ್ ತಟ್ಟೆ ಹತ್ತು ನಿಮಿಷದಲ್ಲಿ ಬಗೆಹರಿಸಿತು.

ಬಿಡುಗಡೆಯ ಕೆಲಸ ಅಂದರೆ ಫಾರಂ ತುಂಬುವುದು. ಅಷ್ಟೇ ಅಂದುಕೊಂಡು ನಾನೇ ಹೊತ್ತುಕೊಂಡೆ. ಅದಕ್ಕೂ ಮುಂಚೆ ಹಾಡು ಯಾರದ್ದು ಎಂಬುದನ್ನು ಬರೆದಿಡಬೇಕಿತ್ತು. ಇಲ್ಲಿ ಹಕ್ಕು ಎರಡು: ಹಾಡು ಕಟ್ಟಿದವರದ್ದು ಒಂದು, ಆ ರೆಕಾರ್ಡಿಂಗಿನದ್ದು ಇನ್ನೊಂದು. ರೆಕಾರ್ಡಿಂಗ್ ನಾಲ್ವರದ್ದು ಎನ್ನುವುದಕ್ಕೆ ತಕರಾರಿರಲಿಲ್ಲ. ಕಟ್ಟಿದ್ದು ಯಾರು ಎಂದಾಗ ಕೋಣೆ ತಣ್ಣಗಾಯಿತು. ಸಾಹಿತ್ಯ, ರಿಫ್ ನನ್ನದು ಎಂದು ಬಾಯಿ ತೆರೆಯುವವನಿದ್ದೆ, ಮ್ಯೂಟ್ ಆದ ಆರು ಪದರ ನೆನಪಿಗೆ ಬಂದವು. ನಾಲ್ಕು ಸಮಪಾಲು ಎಂದು ಬರೆದು ಸಹಿ ಹಾಕಿದೆವು.

ಎಲ್ಲ ಕಡೆ ಹಾಡು ತಲುಪಿಸುವ ವಿತರಕರ ಮೂಲಕ ಐದು ವಾರ ಮುಂಚೆಯೇ ಅಪ್‌ಲೋಡ್ ಮಾಡಿದೆವು. ಪ್ರತಿ ರೆಕಾರ್ಡಿಂಗಿಗೆ ಅದನ್ನು ಗುರುತಿಸುವ 12 ಅಕ್ಷರದ ಐಎಸ್‌ಆರ್‌ಸಿ ಸಂಕೇತ, ಇಡೀ ಆಲ್ಬಮ್ಮಿಗೆ ಒಂದು ಬಾರ್‌ಕೋಡ್ ಸಂಖ್ಯೆ, 3000ಕ್ಕೆ 3000 ಪಿಕ್ಸೆಲ್ಲಿನ ಚೌಕದ ಮುಖಪುಟ. ಸ್ಪಾಟಿಫೈನ ಪ್ಲೇಲಿಸ್ಟ್ ಕಟ್ಟುವ ಸಂಪಾದಕರಿಗೆ ಹಾಡು ಕಳಿಸುವುದಿದ್ದರೆ ಬಿಡುಗಡೆಗೆ ಕನಿಷ್ಠ 7 ದಿನ ಮುಂಚೆ, ಅದೂ ಒಂದೇ ಹಾಡು. ಅಲ್ಲಿ 30 ಸೆಕೆಂಡ್ ಕೇಳಿದರೆ ಮಾತ್ರ ಒಂದು ಪ್ಲೇ ಎಂದು ಲೆಕ್ಕ, ಹಾಗಾಗಿ ಮೊದಲ ಹಾಡಿನ ಉದ್ದನೆಯ ಪೀಠಿಕೆ ಕತ್ತರಿಸೋಣ ಎಂದು ಬಾಸಿನವನು ವಾರವಿಡೀ ಕಾಡಿದ. ಲೆಕ್ಕಕ್ಕೋಸ್ಕರ ಹಾಡನ್ನು ಮೊಟಕು ಮಾಡುವುದಾದರೆ ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರೋಣ ಎಂದು ಹಾಡುವವಳು ಹೇಳಿದ ಮೇಲೆ ಸುಮ್ಮನಾದ.

2015ರ ಜುಲೈ 10ರಿಂದ ಜಗತ್ತಿನಾದ್ಯಂತ ಹೊಸ ಆಲ್ಬಮ್ಮುಗಳಿಗೆ ಶುಕ್ರವಾರವೇ ದಿನ. ನಮ್ಮದೂ ಶುಕ್ರವಾರ. ನಡುರಾತ್ರಿ ನಾಲ್ವರೂ ಫೋನ್ ಹಿಡಿದು ಕೂತಿದ್ದೆವು. ಆಲ್ಬಮ್ ಬಂತು. ಆರನೇ ಹಾಡು ಒತ್ತಿದರೆ ಏಳನೇದು ಶುರುವಾಯಿತು. ಏಳನೇದು ಒತ್ತಿದರೆ ಆರನೇದು. ತಪ್ಪು ಯಾರದ್ದೂ ಅಲ್ಲ, ನನ್ನದೇ. ಮಧ್ಯರಾತ್ರಿ ಫಾರಂ ತುಂಬುವಾಗ ಎರಡು ಹೆಸರು ಅದಲುಬದಲು ಮಾಡಿದ್ದೆ. ಸರಿಯಾಗಲು ನಾಲ್ಕು ದಿನ ಹಿಡಿಯಿತು. ಅಷ್ಟರಲ್ಲಿ ತಪ್ಪು ಹೆಸರಿನಲ್ಲೇ ಏಳನೇ ಹಾಡನ್ನು ಇಷ್ಟಪಟ್ಟವರು ಒಂದಿಷ್ಟು ಜನ ಆಗಿಬಿಟ್ಟಿದ್ದರು, ಅವರಿಗೆ ಈಗಲೂ ಅದೇ ಹೆಸರು.

ಮರುದಿನ ಬೆಳಗ್ಗೆ ಏನೂ ಆಗಿರಲಿಲ್ಲ. ಲೋಕ ಇದ್ದ ಹಾಗೇ ಇತ್ತು. ಒಬ್ಬ ಕೇಳುಗರು ಮಾತ್ರ, ಐದನೇ ಹಾಡಿನ ನಡುವೆ ಬಾಗಿಲು ತೆರೆದಂತೆ ಒಂದು ಸದ್ದು ಬರುತ್ತದಲ್ಲ, ಅದರ ಅರ್ಥವೇನು ಎಂದು ಬರೆದು ಕೇಳಿದ್ದರು. ಡ್ರಮ್ಮರ್ ಆ ಮೆಸೇಜನ್ನು ಇನ್ನೂ ಜೋಪಾನವಾಗಿ ಇಟ್ಟುಕೊಂಡಿದ್ದಾನೆ. ಉತ್ತರ ಬರೆದಿಲ್ಲ.

ಬಿಡುಗಡೆಯ ಕಾರ್ಯಕ್ರಮಕ್ಕೆ ಮೂರು ವಾರವಿತ್ತು. ಪ್ರಾಕ್ಟೀಸಿಗೆ ನಿಂತರೆ ಯಾರಿಗೂ ಏನೂ ಸರಿಯಾಗಿ ನೆನಪಿಲ್ಲ. ಸ್ಟುಡಿಯೊದಲ್ಲಿ ಸಾಲು ಬದಲಾಗಿತ್ತು, ಬಾರ್ ಬಿಟ್ಟುಹೋಗಿತ್ತು, ಪಲ್ಲವಿಯ ಎರಡು ಗಿಟಾರಿಗೆ ನನ್ನ ಬಳಿ ಇದ್ದದ್ದು ಒಂದೇ ಜೊತೆ ಕೈ. ಏಳನೇ ಹಾಡಿನ ಸೋಲೋ ಅಂತೂ ಬೆರಳಿಗೆ ಬರಲೇ ಇಲ್ಲ. ಮೊದಲರ್ಧ ಮುಗಿಸಿ ಏರುಗತಿಗೆ ಹಾರುವ ಕಡೆ ಎಡಗೈ ಎಲ್ಲಿರಬೇಕೋ ಅಲ್ಲಿ ಇರುತ್ತಿರಲಿಲ್ಲ. ಹೆಡ್‌ಫೋನ್ ಹಾಕಿಕೊಂಡು ಎರಡೆರಡು ಸೆಕೆಂಡ್ ಕೇಳುತ್ತ, ನಿಲ್ಲಿಸುತ್ತ, ಯಾರೋ ಬೇರೆಯವರ ಹಾಡು ಕಲಿಯುವ ಹುಡುಗನ ಹಾಗೆ ಮೂರು ರಾತ್ರಿ ಕೂತೆ. ಆಮೇಲೆ ಹೊಳೆಯಿತು. ಅದು ಮೂರನೇ ಟೇಕು, ಏಳನೇದು, ಹನ್ನೊಂದನೇದು. ಆ ಸೋಲೋವನ್ನು ಮೊದಲಿಂದ ಕೊನೆವರೆಗೆ ನಾನೂ ಸೇರಿ ಯಾರೂ ಯಾವತ್ತೂ ನುಡಿಸಿಯೇ ಇರಲಿಲ್ಲ.